ರಹೀಂ ಸಾಹೇಬರ ತಂಡ

ಕಾಲ್ಚೆಂಡಾಟಕ್ಕೆ ಬೇಕಾದ ಸಲಕರಣೆ ಬಹು ಸ್ವಲ್ಪ. ಒಂದು ಚೆಂಡು, ಒಂದು ಬಯಲು, ಬಯಲಿನ ಎರಡು ತುದಿಗಳಲ್ಲಿ ಎರಡೆರಡು ಕಂಬ. ಇಷ್ಟಿದ್ದರೆ ಆಟ ನಡೆಯುತ್ತದೆ. ಆದುದರಿಂದಲೇ ಹಲವು ದೇಶಗಳಲ್ಲಿ ಬಡವರ ಮಕ್ಕಳು ಈ ಆಟವನ್ನು ತಮ್ಮದಾಗಿಸಿಕೊಂಡಿದ್ದಾರೆ. ಆದರೆ ಆಡುವುದು ಬೇರೆ, ಗೆಲ್ಲುವ ತಂಡವನ್ನು ಕಟ್ಟುವುದು ಬೇರೆ. ಸಿರಿವಂತ ಸಂಘಗಳು ಒಳ್ಳೆಯ ಆಟಗಾರರನ್ನು ಹಣ ಕೊಟ್ಟು ಕರೆತರುತ್ತವೆ. ಹಣವಿಲ್ಲದ ತಂಡವಾದರೋ ಸಾಮಾನ್ಯವಾಗಿ ತನ್ನ ಗೋಲಿನ ಮುಂದೆ ಗೋಡೆಯಂತೆ ನಿಂತು, ಸೋಲು ದೊಡ್ಡದಾಗದಿದ್ದರೆ ಸಾಕೆಂದು ಆಡುತ್ತದೆ. ಕೈಯಲ್ಲಿ ಹಣವಿಲ್ಲದೆ, ಮುನ್ನುಗ್ಗಿ ಆಡುವ ತಂಡವನ್ನು ಕಟ್ಟಿ ಗೆಲ್ಲಿಸಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರು ಹೈದರಾಬಾದಿನ ಶಾಲಾ ಉಪಾಧ್ಯಾಯರಾಗಿದ್ದ ಸೈಯದ್ ಅಬ್ದುಲ್ ರಹೀಂ.

ರಹೀಂ ಅವರು ಹುಟ್ಟಿದ್ದು 1909ರಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದು, ಹೈದರಾಬಾದಿನ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಅನಂತರ ವ್ಯಾಯಾಮ ಶಿಕ್ಷಣದ ತರಬೇತಿಯನ್ನೂ ಪಡೆದು, ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ಯುವ ಹೊಣೆಯನ್ನು ಹೊತ್ತರು. ತಾವೂ ಆಟಗಾರರಾಗಿದ್ದರು, ಆದರೆ ಅವರ ಹೆಸರು ಉಳಿದದ್ದು ಆಡಿದ್ದರಿಂದಲ್ಲ, ಆಡಿಸಿದ್ದರಿಂದ. 1950ರಲ್ಲಿ ಅವರು ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತುದಾರರಾದರು.

ಆ ಕಾಲದ ಭಾರತದ ಫುಟ್‌ಬಾಲಿಗೆ ಕಲ್ಕತ್ತವೇ ರಾಜಧಾನಿ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮಡನ್ ಸ್ಪೋರ್ಟಿಂಗ್ ಸಂಘಗಳ ಪಂದ್ಯವೆಂದರೆ ಸಾವಿರಾರು ಜನ ನೆರೆಯುತ್ತಿದ್ದರು. ಜನವಿದ್ದಲ್ಲಿ ಹಣ, ಹಣವಿದ್ದಲ್ಲಿಗೆ ಆಟಗಾರರು. ಈಸ್ಟ್ ಬೆಂಗಾಲ್ ಸಂಘದ ಮುಂಪಡೆಯಲ್ಲಿ ಆಡಿ ‘ಪಂಚ ಪಾಂಡವ’ರೆಂದು ಹೆಸರಾದ ಐವರೂ ದಕ್ಷಿಣದಿಂದ ಹೋದವರೇ. ಅವರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. ಹೀಗೆ ನಾಡಿನ ಉತ್ತಮ ಆಟಗಾರರನ್ನೆಲ್ಲ ಒಂದೇ ನಗರ ಸೆಳೆದುಕೊಳ್ಳುತ್ತಿದ್ದಾಗ ಹೈದರಾಬಾದಿನ ಪೊಲೀಸ್ ತಂಡದ ಬಳಿ ಇದ್ದುದಾದರೂ ಏನು? ಕೊಡಲು ಒಂದು ಪೊಲೀಸ್ ಕೆಲಸ. ತಿಂಗಳಿಗೊಮ್ಮೆ ಬರುವ ಸಣ್ಣ ಸಂಬಳ. ಅದಕ್ಕಿಂತ ಹೆಚ್ಚಿನದನ್ನು ರಹೀಂ ಅವರು ಯಾರಿಗೂ ಆಸೆ ತೋರಿಸುವಂತಿರಲಿಲ್ಲ.

ಆದುದರಿಂದ ಅವರು ಹಣ ಕೊಟ್ಟು ಕೊಳ್ಳಬೇಕಾಗಿಲ್ಲದ ವಸ್ತುಗಳತ್ತ ದೃಷ್ಟಿ ಹರಿಸಿದರು. ಅವರ ತರಬೇತಿಯ ಕ್ರಮ ವಿಚಾರ ಮಾಡತಕ್ಕದ್ದು. ನಮ್ಮ ದೇಶದ ಪ್ರೇಕ್ಷಕರಿಗೆ ಆಗ, ಇಂದಿಗೂ ಕೂಡ, ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಒಬ್ಬನನ್ನು ತಪ್ಪಿಸಿ, ಇನ್ನೊಬ್ಬನನ್ನು ತಪ್ಪಿಸಿ ಓಡುವವನೇ ದೊಡ್ಡ ಆಟಗಾರ. ಇದಕ್ಕೆ ಡ್ರಿಬ್ಲಿಂಗ್ ಎಂದು ಹೆಸರು. ರಹೀಂ ಅವರು ಡ್ರಿಬ್ಲಿಂಗ್ ಮಾಡಕೂಡದೆಂಬ ನಿಯಮವಿಟ್ಟು ಪಂದ್ಯಾವಳಿಗಳನ್ನೇ ಏರ್ಪಡಿಸಿದರು. ಚೆಂಡು ಬಂದೊಡನೆ ಅದನ್ನು ಜೊತೆಯವನಿಗೆ ದಾಟಿಸಬೇಕು. ತನ್ನ ಬಳಿ ಇಟ್ಟುಕೊಂಡು ಮೆರೆಯುವಂತಿಲ್ಲ. ಚಪ್ಪಾಳೆಗೆ ಒಗ್ಗಿದ ಹುಡುಗರಿಗೆ ಇದು ಕಹಿ ಔಷಧವೇ ಸರಿ. ಆದರೆ ಇದರ ಹಿಂದಿನ ಲೆಕ್ಕ ಸರಳವಾದುದು. ಎಷ್ಟೇ ವೇಗವಾಗಿ ಓಡುವವನಿಗಿಂತಲೂ ಒದ್ದ ಚೆಂಡು ವೇಗವಾಗಿ ಹೋಗುತ್ತದೆ. ಓಡುವವನು ದಣಿಯುತ್ತಾನೆ, ಚೆಂಡು ದಣಿಯುವುದಿಲ್ಲ. ಚೆಂಡು ಬೇಗ ಬೇಗ ಕೈಬದಲಾದರೆ, ಅಲ್ಲ, ಕಾಲುಬದಲಾದರೆ, ಎದುರಾಳಿಯ ರಕ್ಷಕರು ಯಾರನ್ನು ಹಿಡಿಯಬೇಕೆಂದು ತಿಳಿಯದೆ ಅತ್ತಿತ್ತ ಸರಿಯುತ್ತಾರೆ. ಅವರು ಸರಿದ ಜಾಗವೇ ದಾಳಿ ಮಾಡುವವನಿಗೆ ಬಾಗಿಲು.

ಇನ್ನೊಂದು ಪಂದ್ಯಾವಳಿಯಲ್ಲಿ ಆಟಗಾರರು ತಮ್ಮ ಬಲಹೀನವಾದ ಕಾಲಿನಿಂದಲೇ ಒದೆಯಬೇಕಾಗಿತ್ತು. ಬಲಗೈಯವನಿಗೆ ಎಡಗೈಯಲ್ಲಿ ಬರೆಯಲು ಹೇಳಿದಂತೆ ಇದು. ಮೊದಮೊದಲು ನೋಡುವವರಿಗೆ ನಗೆ ಬಂದಿರಬೇಕು. ಬಲಗಾಲಿನಿಂದ ಮಾತ್ರ ಒದೆಯಬಲ್ಲವನು ಯಾವ ಕಡೆಗೆ ತಿರುಗುವನೆಂದು ರಕ್ಷಕನಿಗೆ ಮೊದಲೇ ಗೊತ್ತು. ಆ ಒಂದು ಕಡೆಯನ್ನು ಮುಚ್ಚಿ ನಿಂತರೆ ಅವನ ಕೆಲಸ ಮುಗಿಯಿತು. ಎರಡು ಕಾಲೂ ಸಮನಾಗಿ ಬಲ್ಲವನ ಎದುರು ರಕ್ಷಕನು ಒಂದು ಗಳಿಗೆ ತಡೆಯಲೇಬೇಕು. ಆ ಒಂದು ಗಳಿಗೆಗಾಗಿ ರಹೀಂ ಅವರು ತಿಂಗಳುಗಟ್ಟಲೆ ದುಡಿಸುತ್ತಿದ್ದರು. ಇದಕ್ಕೆಲ್ಲ ಬೇಕಾದ ಖರ್ಚು ಒಂದು ಚೆಂಡು ಮತ್ತು ಸಂಜೆಯ ಹೊತ್ತು.

ಫಲ ಬರಲು ಬಹಳ ಕಾಲ ಹಿಡಿಯಲಿಲ್ಲ. 1950ರ ಡ್ಯೂರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಪೊಲೀಸ್ ತಂಡಕ್ಕೆ ಎದುರಾದುದು ಮೋಹನ್ ಬಾಗಾನ್. ಎರಡು ಗೋಲುಗಳ ಹಿನ್ನಡೆಯಲ್ಲಿದ್ದ ಹೈದರಾಬಾದಿನವರು ಕೊನೆಯ ಹಂತದಲ್ಲಿ ಎರಡನ್ನೂ ತೀರಿಸಿ ಪಂದ್ಯವನ್ನು ಸಮಗೊಳಿಸಿ, ಮರುಪಂದ್ಯದಲ್ಲಿ ಗೆದ್ದರು. ಬೊಂಬಾಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ಗೆದ್ದುಕೊಂಡರು. ಬೇರೆಯವರ ಬಳಿ ಹೆಸರುವಾಸಿ ಆಟಗಾರರಿದ್ದರು. ಪೊಲೀಸರ ಬಳಿ ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ ಹನ್ನೊಂದು ಮಂದಿ ಇದ್ದರು. ಅಜೀಜುದ್ದೀನ್, ನೂರ್ ಮೊಹಮ್ಮದ್, ಮೊಯಿನುದ್ದೀನ್ ಮೊದಲಾದವರ ಹೆಸರು ದೇಶಕ್ಕೆಲ್ಲ ಪರಿಚಯವಾದದ್ದು ಹೀಗೆ.

ಆಟಗಾರರನ್ನು ಹುಡುಕುವುದರಲ್ಲಿ ರಹೀಂ ಅವರ ಕಣ್ಣು ಹೇಗಿತ್ತೆಂಬುದಕ್ಕೆ ತುಳಸಿದಾಸ್ ಬಲರಾಮರ ಕಥೆಯೊಂದು ಸಾಕು. ಸಿಕಂದರಾಬಾದಿನ ಹೊರವಲಯದ ಅಮ್ಮುಗೂಡ ಎಂಬಲ್ಲಿನ ಬಡ ಮನೆಯ ಹುಡುಗನೀತ. ಮಗನು ಓದಿ ಒಂದು ನೌಕರಿ ಹಿಡಿದರೆ ಸಾಕೆಂಬುದು ಮನೆಯವರ ಬಯಕೆ. ಬೂಟು ಕೊಳ್ಳಲು ಹಣವಿಲ್ಲದೆ, ಪೊಲೀಸರು ತೊಟ್ಟು ಬಿಟ್ಟ ಹಳೆಯ ಬೂಟುಗಳ ಚರ್ಮದಿಂದ ಚಮ್ಮಾರನೊಬ್ಬನು ಹೊಲಿದುಕೊಟ್ಟ ಜೋಡಿಯನ್ನು ಹಾಕಿಕೊಂಡು ಆಡುತ್ತಿದ್ದನಂತೆ. ಇವನ ಆಟವನ್ನು ಕಂಡ ರಹೀಂ ಅವರು ತರಬೇತಿಗೆ ಬರಲು ಹೇಳಿದರು. ಹೈದರಾಬಾದಿಗೆ ದಿನವೂ ಬಂದುಹೋಗಲು ತನ್ನಲ್ಲಿ ದುಡ್ಡಿಲ್ಲವೆಂದು ಹುಡುಗನು ಸಂಕೋಚದಿಂದ ಹೇಳಿದಾಗ, ಬಾಡಿಗೆ ಸೈಕಲ್ಲಿಗೆಂದು ರಹೀಂ ಅವರೇ ದಿನಕ್ಕೆ ಒಂದು ರೂಪಾಯಿ ಕೊಡುತ್ತ ಬಂದರೆಂದು ಹೇಳುತ್ತಾರೆ. ಕೊಡುವವರೂ ಸಿರಿವಂತರಲ್ಲ, ಉಪಾಧ್ಯಾಯರು. ಆ ಕಾಲದಲ್ಲಿ ಒಂದು ರೂಪಾಯಿಗೆ ಬೆಲೆಯಿತ್ತು. 1956ರಲ್ಲಿ ಬಲರಾಂ ಹೈದರಾಬಾದ್ ರಾಜ್ಯದ ಪರವಾಗಿ ಸಂತೋಷ್ ಟ್ರೋಫಿಯಲ್ಲಿ ಆಡಿದರು, ತಂಡ ಗೆದ್ದಿತು. ಅದೇ ವರ್ಷ ಮೆಲ್ಬರ್ನಿನ ಒಲಿಂಪಿಕ್ಸಿಗೆ ಹೊರಟ ಭಾರತ ತಂಡದಲ್ಲಿಯೂ ಅವರಿದ್ದರು.

ಮುಂದಿನ ವರ್ಷ ಬಲರಾಂ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ಇದು ನೊಂದುಕೊಳ್ಳುವಂಥ ಮಾತಾದರೂ ಆಶ್ಚರ್ಯದ ಮಾತಲ್ಲ. ಬಡ ತಂಡವು ಬೆಳೆಸಿದ ಆಟಗಾರನನ್ನು ಸಿರಿವಂತ ಸಂಘವು ಕರೆದೊಯ್ಯುವುದು ಈ ಆಟದ ಹಳೆಯ ರೂಢಿ. ಬಡ ಮನೆಯ ತರುಣನು ಹೆಚ್ಚು ಸಂಪಾದನೆ ಇರುವ ಕಡೆಗೆ ಹೋದರೆ ಅವನನ್ನು ದೂರುವುದು ನ್ಯಾಯವೂ ಅಲ್ಲ. ಹೀಗೆ ಹೋದವರ ಜಾಗಕ್ಕೆ ಮತ್ತೊಬ್ಬರನ್ನು ಮೊದಲಿನಿಂದ ತಯಾರಿಸುವುದೇ ರಹೀಂ ಅವರಂಥವರ ಪಾಲಿಗೆ ಬಂದ ಕೆಲಸ.

ಇಷ್ಟರಲ್ಲಿ ಭಾರತ ತಂಡದ ಭಾರವೂ ಅವರ ಮೇಲೆ ಬಿದ್ದಿತ್ತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನವನ್ನು ಪಡೆಯಿತು. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಅದೇ ಭಾರತವು ಯುಗೋಸ್ಲಾವಿಯದ ಕೈಯಲ್ಲಿ 10-1ರಿಂದ ಸೋತಿತು. ಅಂದು ನಮ್ಮ ಆಟಗಾರರಲ್ಲಿ ಹಲವರು ಆ ಚಳಿಯ ದೇಶದಲ್ಲಿ ಬರಿಗಾಲಿನಲ್ಲಿ ಆಡಿದ್ದರು. ಭಾರತದ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಜಾಣ್ಮೆಯನ್ನು ಹಣವಿಲ್ಲದೆ ಕಲಿಸಬಹುದು. ಬೂಟನ್ನು ಹಣವಿಲ್ಲದೆ ತೊಡಿಸಲಾಗುವುದಿಲ್ಲ. ಹೆಲ್ಸಿಂಕಿಯ ಸೋಲಿನ ಬಳಿಕ ನಮ್ಮಲ್ಲಿ ಬೂಟು ತೊಟ್ಟೇ ಆಡಬೇಕೆಂಬ ನಿಯಮ ಬಂದಿತು.

ರಹೀಂ ಅವರು ಆ ಸೋಲಿನಿಂದ ಕುಗ್ಗಿ ರಕ್ಷಣೆಯ ಆಟಕ್ಕೆ ತಿರುಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1953ರ ನವೆಂಬರಿನಲ್ಲಿ ಹಂಗೆರಿಯು ಇಂಗ್ಲೆಂಡನ್ನು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿಯೇ 6-3ರಿಂದ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿತ್ತು. ಹಂಗೆರಿಯವರ ಉಪಾಯ ಇದು: ಮುಂಪಡೆಯ ನಡುವಿನ ಆಟಗಾರನು ಮುಂದೆಯೇ ನಿಲ್ಲದೆ ಹಿಂದಕ್ಕೆ ಸರಿದು ಆಡುವುದು. ಅವನನ್ನು ಕಾಯಬೇಕಾದ ರಕ್ಷಕನು ಆಗ ಇಕ್ಕಟ್ಟಿಗೆ ಸಿಲುಕುತ್ತಾನೆ. ಹಿಂಬಾಲಿಸಿ ಹೋದರೆ ಗೋಲಿನ ಮುಂದೆ ಬಯಲು; ನಿಂತಲ್ಲೇ ನಿಂತರೆ ಎದುರಾಳಿಗೆ ಯಾರ ಕಾಟವೂ ಇಲ್ಲ. ಈ ಪದ್ಧತಿಯನ್ನು ರಹೀಂ ಅವರು ನಮ್ಮ ತಂಡಕ್ಕೆ ಕಲಿಸಿದರು. ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ನಿಲ್ಲುವ ವ್ಯೂಹದಿಂದ ಬ್ರೆಜಿಲ್ 1958ರಲ್ಲಿ ವಿಶ್ವಕಪ್ಪನ್ನು ಗೆದ್ದಿತು. ರಹೀಂ ಅವರು ಅದಕ್ಕೆ ಮೊದಲೇ ಆ ವ್ಯೂಹವನ್ನು ಆಡಿಸಿ ನೋಡಿದ್ದರೆಂದು ಭಾರತದ ಫುಟ್‌ಬಾಲನ್ನು ಕುರಿತು ಬರೆದವರು ಹೇಳುತ್ತಾರೆ.

ಮೆಲ್ಬರ್ನಿನಲ್ಲಿ ಭಾರತವು ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ಮೂರು ಗೋಲುಗಳನ್ನು ನೆವಿಲ್ ಡಿಸೋಜರೊಬ್ಬರೇ ಹೊಡೆದರು. ಉಪಾಂತ್ಯದಲ್ಲಿ ಎದುರಾದುದು ಅದೇ ಯುಗೋಸ್ಲಾವಿಯ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ತಿಂದಿದ್ದ ತಂಡವು ಈ ಬಾರಿ ಮೊದಲ ಗೋಲನ್ನು ತಾನೇ ಹೊಡೆಯಿತು. ಆದರೆ ಆ ಮುನ್ನಡೆ ಕೆಲವೇ ನಿಮಿಷ ಉಳಿಯಿತು. ಪಂದ್ಯ 4-1ರಲ್ಲಿ ಕೊನೆಗೊಂಡಿತು. ನಮ್ಮ ದೇಶದ ಪಂದ್ಯಗಳು ಆಗ ತೊಂಬತ್ತು ನಿಮಿಷಕ್ಕಿಂತ ಕಡಿಮೆ ಅವಧಿಯವು; ಪೂರ್ಣಾವಧಿಯ ಆಟಕ್ಕೆ ಬೇಕಾದ ಕಸುವು ಒಂದು ಶಿಬಿರದಲ್ಲಿ ಬರುವಂಥದಲ್ಲ. ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯಕ್ಕೆ ಸೋತ ಭಾರತವು ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸಿನ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೇರಿದ್ದಿಲ್ಲ.

1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಆ ವೇಳೆಗೆ ರಹೀಂ ಅವರ ದೇಹದಲ್ಲಿ ಕ್ಯಾನ್ಸರ್ ರೋಗ ಬೇರುಬಿಟ್ಟಿತ್ತು. ಮೊದಲ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಕ್ಕೆ ಎರಡು ಗೋಲುಗಳಿಂದ ಸೋತಿತು. ಥೈಲೆಂಡಿನ ಮೇಲಿನ ಪಂದ್ಯವನ್ನು ಗೆದ್ದರೂ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು ಸೋಲಿಸಿ ಉಪಾಂತ್ಯಕ್ಕೆ ಬಂದಾಗ ಜರ್ನೈಲರನ್ನು ಏನು ಮಾಡುವುದೆಂಬ ಪ್ರಶ್ನೆ ಎದುರಾಯಿತು. ಗಾಯಗೊಂಡ ತಲೆಯಿಂದ ರಕ್ಷಕನ ಜಾಗದಲ್ಲಿ ಆಡಿಸುವುದು ಅಪಾಯ, ಕೈಬಿಡುವುದು ನಷ್ಟ. ಹಿಂದೊಮ್ಮೆ ಮುಂಪಡೆಯಲ್ಲಿ ಆಡಿದ ಅನುಭವ ಜರ್ನೈಲರಿಗಿತ್ತು. ಅವರನ್ನು ಮುಂಪಡೆಯ ನಡುವೆ ನಿಲ್ಲಿಸಲಾಯಿತು. ರಕ್ಷಕನೊಬ್ಬನು ಗಾಯಗೊಂಡಾಗ ಮುಂಪಡೆಯನ್ನು ಬಲಪಡಿಸಿದ ಈ ನಿರ್ಧಾರದಲ್ಲಿ ರಹೀಂ ಅವರ ಸ್ವಭಾವವೆಲ್ಲ ಇದೆ. ದಕ್ಷಿಣ ವಿಯೆಟ್ನಾಮಿನ ಮೇಲೆ ಭಾರತವು 3-2ರಿಂದ ಗೆದ್ದಿತು. ಗೋಲುಗಳಲ್ಲಿ ಒಂದು ಜರ್ನೈಲರದು, ಎರಡು ನಾಯಕ ಚುನಿ ಗೋಸ್ವಾಮಿಯವರವು.

ಅಂತಿಮ ಪಂದ್ಯ ನಡೆದದ್ದು ಸೆಪ್ಟೆಂಬರ್ 4ರಂದು. ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟಕ್ಕೆ ಬರಗೊಡದ ಇಂಡೋನೇಷ್ಯದ ಕ್ರಮವನ್ನು ಭಾರತದ ಕ್ರೀಡಾಧಿಕಾರಿ ಜಿ. ಡಿ. ಸೋಂಧಿಯವರು ಟೀಕಿಸಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಕೆರಳಿದ್ದರು. ತುಂಬಿದ ಕ್ರೀಡಾಂಗಣವೇ ಭಾರತದ ವಿರುದ್ಧ ಕೂಗುತ್ತಿತ್ತು. ಆ ಗದ್ದಲದಲ್ಲಿ ತಮ್ಮ ಪರವಾಗಿ ಹುರಿದುಂಬಿಸಿದವರು ಪಾಕಿಸ್ತಾನದ ಹಾಕಿ ಆಟಗಾರರೆಂದು ನಮ್ಮ ಆಟಗಾರರು ಮುಂದೆ ನೆನೆದುಕೊಳ್ಳುತ್ತಿದ್ದರು. ಪಂದ್ಯ ಆರಂಭವಾಗಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಪಿ. ಕೆ. ಬ್ಯಾನರ್ಜಿ ಒಂದು ಗೋಲನ್ನೂ, ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್ ಸಿಂಗ್ ಇನ್ನೊಂದನ್ನೂ ಹೊಡೆದರು. ಕೊನೆಯ ಹೊತ್ತಿನಲ್ಲಿ ಕೊರಿಯದವರು ಒಂದನ್ನು ತೀರಿಸಿದರು. ಎರಡನೆಯದನ್ನು ತೀರಿಸಲು ಅವರಿಗೆ ಸಮಯ ಸಿಗಲಿಲ್ಲ. ಅಂದು ಎಡಬದಿಯಲ್ಲಿ ಆಡಿದವರು, ಬಾಡಿಗೆ ಸೈಕಲ್ಲಿನಲ್ಲಿ ತರಬೇತಿಗೆ ಬರುತ್ತಿದ್ದ ಬಲರಾಂ.

ಆ ಚಿನ್ನದ ಪದಕ ಬಂದು ಒಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು, ರಹೀಂ ಅವರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತಕ್ಕೆ ಮತ್ತೆ ಚಿನ್ನ ದೊರೆತಿಲ್ಲ. ಅವರ ಮಗ ಸೈಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸಿನ ತಂಡದಲ್ಲಿದ್ದವರು. ಮುಂದೆ ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರೂ ತರಬೇತುದಾರರೂ ಆದರು. ಅವರು 2021ರ ಆಗಸ್ಟಿನಲ್ಲಿ ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನಿಧನರಾದರು. ಜಕಾರ್ತದ ಮುಂಪಡೆಯ ಪಿ. ಕೆ. ಬ್ಯಾನರ್ಜಿ ಮತ್ತು ಚುನಿ ಗೋಸ್ವಾಮಿ 2020ರಲ್ಲಿ, ಒಂದೆರಡು ತಿಂಗಳ ಅಂತರದಲ್ಲಿ ತೀರಿಹೋದರು. ಬಲರಾಂ ಹೈದರಾಬಾದಿಗೆ ಮರಳಿ ನೆಲಸಲಿಲ್ಲ. 2023ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಕಣ್ಮುಚ್ಚಿದರು.