ಹತ್ತಿದವರೆಷ್ಟೋ ಇಳಿದವರೂ ಅಷ್ಟೇ ಇರಬೇಕು



ಬರುವ ಜನವರಿಯಲ್ಲಿ ನಮ್ಮ ಎನ್ನೆಸ್ಸೆಸ್ ಘಟಕದ ವತಿಯಿಂದ ಫಲ್ಗುಣಿ ನದಿಯಲ್ಲಿ ಕಯಾಕ್ ನಡೆಸುತ್ತಾ ಪ್ಲಾಸ್ಟಿಕ್ ಹೆಕ್ಕುವ ಕಾರ್ಯಕ್ರಮವಿದೆ. ನೋಟಿಸ್ ಬೋರ್ಡಿನಲ್ಲಿ ಎಲ್ಲರೂ ನೋಡಿದ್ದೀರಿ. 36 ಮಂದಿ ಹೆಸರು ಕೊಟ್ಟಿದ್ದಾರೆ. ವಾಣಿಜ್ಯ ವಿಭಾಗದವಳು ಎಂಬ ಕಾರಣಕ್ಕೆ ಹಣ ಸಂಗ್ರಹಿಸಿ ಲೆಕ್ಕ ಇಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಟ್ಟಿಯಲ್ಲಿ ‘ಈಜು ಬರುತ್ತದೆಯೇ?’ ಎಂಬ ಒಂದು ಕಾಲಂ ಇದೆ. 36ರಲ್ಲಿ 23 ಮಂದಿ ಅಲ್ಲಿ ‘ಇಲ್ಲ’ ಎಂದು ಬರೆದಿದ್ದಾರೆ. ಆ 23ರಲ್ಲಿ ನಾನೂ ಒಬ್ಬಳು.

ನಮ್ಮ ಮುಂದೆ ಎರಡು ಕೊಟೇಶನ್‌ಗಳಿವೆ. ಒಂದು ತಲಾ 400 ರೂಪಾಯಿ, ಇನ್ನೊಂದು ತಲಾ 600. ಎರಡರಲ್ಲೂ ಕಯಾಕ್ ಇದೆ, ಲೈಫ್ ಜಾಕೆಟ್ ಇದೆ, ಇಬ್ಬರು ಗೈಡ್‌ಗಳಿದ್ದಾರೆ. ಹೆಚ್ಚಿನ ದರದಲ್ಲಿ ಇನ್ನೊಬ್ಬ ಗೈಡ್ ಮತ್ತು ಮೋಟಾರ್ ಇರುವ ಒಂದು ರಕ್ಷಣಾ ದೋಣಿ ಸೇರಿದೆ. ವ್ಯತ್ಯಾಸ 200 ರೂಪಾಯಿ. 36 ಮಂದಿಗೆ 7,200. ‘ಸುಮ್ಮನೆ ಯಾಕೆ ಜಾಸ್ತಿ ಕೊಡುವುದು?’ ಎಂದು ಹಲವರು ಕೇಳಿದ್ದಾರೆ. ಆ 7,200 ರೂಪಾಯಿಗೆ ನಮಗೆ ಸಿಗುವುದು ಏನು ಎಂದು ತಿಳಿಯಲು ಮೊದಲು ನದಿಯನ್ನು ತಿಳಿಯಬೇಕು.

ನಮ್ಮ ನದಿ ಖಾಲಿ ಇಲ್ಲ

ಗುರುಪುರ ನದಿ ಎಂದೂ ಕರೆಯುವ ಫಲ್ಗುಣಿ, ಕೂಳೂರು ದಾಟಿದ ಮೇಲೆ ದಕ್ಷಿಣಕ್ಕೆ ತಿರುಗಿ ಸಮುದ್ರಕ್ಕೆ ಸಮಾನಾಂತರವಾಗಿ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಇರುವುದು ತಣ್ಣೀರುಬಾವಿ, ಬೆಂಗರೆಯ ಮರಳು ದಿಣ್ಣೆ ಮಾತ್ರ. ಸುಲ್ತಾನ್ ಬತ್ತೇರಿ, ಹಳೆ ಬಂದರು, ದಕ್ಕೆ ಎಲ್ಲವನ್ನೂ ದಾಟಿ ನೇತ್ರಾವತಿಯನ್ನು ಸೇರಿಕೊಂಡು ಅಳಿವೆ ಬಾಗಿಲಿನಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ.

ಈ ಸಣ್ಣ ದಾರಿಯಲ್ಲಿ ಎಷ್ಟು ಸಂಚಾರ ಇದೆ ನೋಡಿ. ದಕ್ಕೆಯಿಂದ ಮೀನುಗಾರಿಕಾ ಬೋಟ್‌ಗಳು ಹೊರಡುತ್ತವೆ, ಬರುತ್ತವೆ. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತ ಮಂಜಿಗಳು ಹೋಗುತ್ತವೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ, ಬಂದರಿನಿಂದ ಬೆಂಗರೆಗೆ ಫೆರಿ ದೋಣಿಗಳು ಅಡ್ಡ ದಾಟುತ್ತವೆ. ನಾವು ಹೊರಡುವುದು ಸುಲ್ತಾನ್ ಬತ್ತೇರಿಯಿಂದ. ಅಂದರೆ ಫೆರಿ ದಾಟುವ ಜಾಗವೇ ನಮ್ಮ ಮೊದಲ ಮೆಟ್ಟಿಲು.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಬೋಟ್ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಅದು ಸೆಕೆಂಡಿಗೆ ಸುಮಾರು 4 ಮೀಟರ್ ಸಾಗುತ್ತದೆ. 200 ಮೀಟರ್ ದೂರದಲ್ಲಿರುವ ಬೋಟ್ ನಮ್ಮ ಹತ್ತಿರ ಬರಲು 50 ಸೆಕೆಂಡ್ ಸಾಕು. ಹೊಸಬರು ಕಯಾಕನ್ನು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಸಿದರೆ, 60 ಮೀಟರ್ ಅಗಲದ ಬೋಟ್ ದಾರಿ ದಾಟಲು 54 ಸೆಕೆಂಡ್ ಬೇಕು. ಕಣ್ಣಿಗೆ ದೂರ ಕಂಡ ಬೋಟ್ ದೂರದಲ್ಲಿ ಇಲ್ಲ.

ಬೋಟ್ ನಡೆಸುವವರಿಗೆ ನಾವು ಕಾಣುತ್ತೇವೆ ಎಂದೂ ಭಾವಿಸಬಾರದು. ಕಯಾಕ್ ನೀರಿನ ಮಟ್ಟದಲ್ಲೇ ಇರುತ್ತದೆ. ಎತ್ತರದ ಮೂತಿಯ ಬೋಟಿನ ಚುಕ್ಕಾಣಿ ಹಿಡಿದವರಿಗೆ ತಮ್ಮ ಮೂತಿಯ ಮುಂದಿನ ಜಾಗ ಕಾಣುವುದಿಲ್ಲ. ಕಂಡರೂ ಬಸ್ಸಿನ ಹಾಗೆ ಬ್ರೇಕ್ ಇಲ್ಲ. ಆಳ ಇರುವ ಕಡೆ ಬಿಟ್ಟು ಬದಿಗೆ ಬಂದರೆ ಅವರ ಬೋಟ್ ಮರಳಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ದಾರಿ ಬಿಡಬೇಕಾದವರು ನಾವು. 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲೂ ಇದೇ ಇದೆ: ಕಿರಿದಾದ ದಾರಿಯಲ್ಲಿ ಮಾತ್ರ ಸಾಗಬಲ್ಲ ದೊಡ್ಡ ಹಡಗಿಗೆ 20 ಮೀಟರಿಗಿಂತ ಚಿಕ್ಕ ದೋಣಿ ಅಡ್ಡಿಯಾಗಬಾರದು. ಅದೇ ನಿಯಮಗಳ ಪ್ರಕಾರ ಐದು ಸಲ ಚುಟುಕಾಗಿ ಹಾರ್ನ್ ಹೊಡೆದರೆ ‘ನೀವು ಏನು ಮಾಡುತ್ತಿದ್ದೀರಿ ಎಂದು ನನಗೆ ಅರ್ಥವಾಗುತ್ತಿಲ್ಲ’ ಎಂದರ್ಥ. ಅದು ಕೇಳಿಸಿದರೆ ಕೈ ಬೀಸಿ ನಗುವುದಲ್ಲ, ದಾರಿ ಬಿಡುವುದು.

ನಾವು ಪಾಲಿಸಬೇಕಾದದ್ದು ಇಷ್ಟು: ದಡದ ಬದಿಯ ಆಳ ಕಡಿಮೆ ಇರುವ ನೀರಿನಲ್ಲೇ ಇರಬೇಕು. ದಾಟಲೇಬೇಕಾದರೆ ಎಲ್ಲರೂ ಒಂದೆಡೆ ಸೇರಿ, ಎರಡೂ ಕಡೆ ನೋಡಿ, ಗೈಡ್ ಹೇಳಿದಾಗ ನೇರವಾಗಿ ಒಟ್ಟಿಗೆ ದಾಟಬೇಕು. ರೈಲಿನಂತೆ ಉದ್ದ ಸಾಲು ಮಾಡಬಾರದು, ಓರೆಯಾಗಿ ದಾಟಬಾರದು. ದೊಡ್ಡ ಬೋಟ್ ಹೋದ ಮೇಲೆ ಅದರ ಅಲೆ ಬರುತ್ತದೆ. ಆಗ ಕಯಾಕಿನ ಮೂತಿಯನ್ನು ಅಲೆಯ ಕಡೆ ತಿರುಗಿಸಿ ಹುಟ್ಟು ಹಾಕುತ್ತಾ ಇರಬೇಕು. ಲಂಗರು ಹಾಕಿದ ಬೋಟ್, ಅದರ ಹಗ್ಗ, ಸೇತುವೆಯ ಕಂಬ, ಮೀನಿನ ಬಲೆ ಇವುಗಳಿಂದ ದೂರ ಇರಬೇಕು. ನೀರಿನ ಸೆಳೆತ ಕಯಾಕನ್ನು ಅವುಗಳಿಗೆ ತಂದು ಒತ್ತಿದರೆ ಹೆದರಿ ಹಿಂದಕ್ಕೆ ವಾಲಬಾರದು. ಅಡ್ಡ ಸಿಕ್ಕ ವಸ್ತುವಿನ ಕಡೆಗೇ ವಾಲಬೇಕು. ಹಿಂದಕ್ಕೆ ವಾಲಿದರೆ ನೀರು ಒಳನುಗ್ಗಿ ಕಯಾಕ್ ಮಗುಚುತ್ತದೆ.

ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ

ನದಿಯ ಈ ಭಾಗಕ್ಕೆ ಕಡಲಿನ ಉಬ್ಬರ ಇಳಿತ ಬರುತ್ತದೆ. ಸುಮಾರು ಆರು ಗಂಟೆ ನೀರು ಒಳಗೆ, ಇನ್ನಾರು ಗಂಟೆ ಹೊರಗೆ. ಪ್ರತಿದಿನ ಈ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಸೆಳೆತ ಜಾಸ್ತಿ. ನಮ್ಮ ಮನೆಗಳಲ್ಲಿ ಹಿಜರಿ ಕ್ಯಾಲೆಂಡರ್ ತೂಗುಹಾಕಿರುತ್ತದಲ್ಲ, ಅದರಲ್ಲೇ ತಿಳಿಯಬಹುದು: ಚಾಂದ್ ಕಂಡ ಮೊದಲ ದಿನಗಳು ಮತ್ತು ತಿಂಗಳ 14, 15ರ ಸುತ್ತಿನ ದಿನಗಳು. ಕಾರ್ಯಕ್ರಮದ ದಿನ ನಿಗದಿ ಮಾಡುವ ಮೊದಲು ಶಾಲಾ ರಜೆಯ ಪಟ್ಟಿಯ ಜೊತೆ ಇದನ್ನೂ ನೋಡಬೇಕು.

ಇಳಿತದ ಹೊತ್ತಿನಲ್ಲಿ ನೀರು ನಮ್ಮನ್ನು ಎಳೆಯುವುದು ದಕ್ಕೆಯ ಕಡೆಗೆ, ಅಲ್ಲಿಂದ ಅಳಿವೆ ಬಾಗಿಲಿಗೆ. ಅಳಿವೆಯಲ್ಲಿ ಹೊರಹೋಗುವ ನೀರೂ ಒಳಬರುವ ಅಲೆಯೂ ಎದುರಾಗುತ್ತವೆ. ಅನುಭವಿ ಮೀನುಗಾರರೇ ಅಲ್ಲಿ ಎಚ್ಚರದಿಂದ ಇರುತ್ತಾರೆ. ಆದ್ದರಿಂದ ನಮ್ಮ ದಾರಿ ಬತ್ತೇರಿಯಿಂದ ಉತ್ತರಕ್ಕೆ, ಕೂಳೂರಿನ ಕಡೆಗೆ ಇರಬೇಕು. ಉಬ್ಬರದ ಕೊನೆಯಲ್ಲಿ ಹೊರಟು, ಇಳಿತ ಜೋರಾಗುವ ಮೊದಲೇ ಮರಳಬೇಕು. ಮಧ್ಯಾಹ್ನ ಕಡಲ ಗಾಳಿ ಏಳುವ ಮೊದಲು ಎಲ್ಲ ಮುಗಿಯಬೇಕು.

ಈಗ ರಕ್ಷಣಾ ದೋಣಿಯ ಕೆಲಸ ಅರ್ಥವಾಗುತ್ತದೆ. ಅದು ಬತ್ತೇರಿಯ ದಕ್ಷಿಣಕ್ಕೆ, ನಮಗೂ ದಕ್ಕೆಗೂ ನಡುವೆ ನಿಂತಿರುತ್ತದೆ. ದಣಿದ ಒಬ್ಬಳು ಇಳಿಯುವ ಜಾಗ ತಪ್ಪಿ ಕೆಳಕ್ಕೆ ಹೋದರೆ ಹಿಡಿಯಲು ಅಲ್ಲಿ ಯಾರೋ ಇದ್ದಾರೆ. 1784ರಲ್ಲಿ ಟಿಪ್ಪು ಸುಲ್ತಾನ್ ಬತ್ತೇರಿ ಕಟ್ಟಿಸಿದ್ದು ನದಿಗೆ ನುಗ್ಗುವ ಹಡಗುಗಳ ಮೇಲೆ ಕಣ್ಣಿಡಲು. ನಮಗೂ ಅಂಥದ್ದೊಂದು ಕಣ್ಣು ಬೇಕು.

ಒಂದು ನದಿಯ ಪಾಠ

2021ರ ಅಕ್ಟೋಬರ್ 30ರಂದು ಬ್ರಿಟನ್ನಿನ ವೇಲ್ಸ್‌ನ ಹೇವರ್‌ಫರ್ಡ್‌ವೆಸ್ಟ್ ಪಟ್ಟಣದಲ್ಲಿ ಒಂಬತ್ತು ಮಂದಿಯ ತಂಡ ಪ್ಯಾಡಲ್ ಬೋರ್ಡ್‌ಗಳಲ್ಲಿ ನದಿಗಿಳಿಯಿತು. ಮಳೆಯಿಂದ ನದಿ ತುಂಬಿತ್ತು. ದಾರಿಯಲ್ಲಿ ಒಂದು ಒಡ್ಡು ಇತ್ತು. ಹಣ ಕೊಟ್ಟು ಬಂದವರಿಗೆ ಆ ಒಡ್ಡಿನ ಅಪಾಯವನ್ನು ಸರಿಯಾಗಿ ತಿಳಿಸಿರಲಿಲ್ಲ. ನಾಲ್ವರು ಸತ್ತರು. ಅವರಲ್ಲಿ ಒಬ್ಬರು ತಂಡದ ಎರಡನೇ ನಾಯಕ. ಅವರು ಸುರಕ್ಷಿತವಾಗಿ ದಡ ಸೇರಿದ್ದರು. ಉಳಿದವರನ್ನು ಕಾಪಾಡಲು ಮತ್ತೆ ನೀರಿಗಿಳಿದು ಜೀವ ಕಳೆದುಕೊಂಡರು. ತಂಡವನ್ನು ಕರೆದೊಯ್ದ ಸಂಸ್ಥೆಯ ಮಾಲಕಿಗೆ 2025ರಲ್ಲಿ ನ್ಯಾಯಾಲಯ ಹತ್ತೂವರೆ ವರ್ಷ ಜೈಲು ವಿಧಿಸಿತು.

ಒಡ್ಡು ನಮಗೂ ಹೊಸದಲ್ಲ. ನೇತ್ರಾವತಿಗೆ ತುಂಬೆಯಲ್ಲಿ, ಫಲ್ಗುಣಿಗೆ ಮರವೂರಿನಲ್ಲಿ ಕಿಂಡಿ ಅಣೆಕಟ್ಟು ಇದೆ. ಒಡ್ಡಿನಿಂದ ಧುಮುಕಿದ ನೀರು ಕೆಳಗೆ ಸುತ್ತಿ ಸುತ್ತಿ ಹಿಂದಕ್ಕೇ ಬರುತ್ತದೆ. ಅದರಲ್ಲಿ ಸಿಕ್ಕವರನ್ನು ಲೈಫ್ ಜಾಕೆಟ್ ಇದ್ದರೂ ಬಿಡುವುದಿಲ್ಲ. ನಮ್ಮ ದಾರಿ ಅಲ್ಲಿಯವರೆಗೆ ಹೋಗುವುದಿಲ್ಲ, ಹೋಗಲೂಬಾರದು.

ನಮ್ಮ ದೇಶದ್ದೂ ಇದೆ. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರು, ಎಷ್ಟೋ ಮಕ್ಕಳಿಗೆ ಲೈಫ್ ಜಾಕೆಟ್ ಇರಲಿಲ್ಲ. ಎರಡು ಕಡೆಯೂ ತಪ್ಪಿದ್ದು ನೀರಿಗಿಳಿಯುವ ಮೊದಲೇ, ದಡದಲ್ಲಿ.

ನಮ್ಮ ಪಠ್ಯದಲ್ಲೇ ಇರುವ ಪಾಠಗಳು

ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫಯೋಲ್ ಹೇಳಿದ ‘ಆದೇಶದ ಏಕತೆ’ ಓದಿದ್ದೇವೆ. ನೀರಿನ ಮೇಲೆ ಒಬ್ಬರೇ ನಾಯಕರು ಇರಬೇಕು. ಮುಂದೆ ಒಬ್ಬ ಗೈಡ್, ಅವರನ್ನು ಯಾರೂ ದಾಟಬಾರದು. ಕೊನೆಯಲ್ಲಿ ಒಬ್ಬ ಗೈಡ್, ಅವರ ಹಿಂದೆ ಯಾರೂ ಉಳಿಯಬಾರದು. ಮೂರನೆಯವರು ನಡುವೆ, ನೀರಿಗೆ ಬಿದ್ದವರ ನೆರವಿಗೆ. ಇಬ್ಬರೇ ಗೈಡ್ ಇದ್ದರೆ, ಒಬ್ಬರು ನೆರವಿಗೆ ಹೋದ ಕೂಡಲೇ ತಂಡಕ್ಕೆ ತಲೆ ಇಲ್ಲ ಅಥವಾ ಬಾಲ ಇಲ್ಲ. ಸನ್ನೆಗಳನ್ನು ದಡದಲ್ಲೇ ಒಪ್ಪಿಕೊಳ್ಳಬೇಕು: ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದರೆ ‘ನಿಲ್ಲಿ’, ನೆಟ್ಟಗೆ ಹಿಡಿದರೆ ‘ಬನ್ನಿ’, ಸೀಟಿ ಒಂದು ಸಲ ಎಂದರೆ ‘ಇತ್ತ ನೋಡಿ’, ಮೂರು ಸಲ ಎಂದರೆ ‘ಕಾಪಾಡಿ’.

ವಿಮೆಯ ಪಾಠದಲ್ಲಿ ‘ಪರಮ ಸದ್ವಿಶ್ವಾಸ’ ಎಂಬ ತತ್ವ ಇದೆ. ಗೊತ್ತಿರುವ ವಿಷಯ ಮುಚ್ಚಿಡಬಾರದು. ಉಬ್ಬಸ, ಫಿಟ್ಸ್, ಹೃದಯದ ತೊಂದರೆ, ಈಜು ಬಾರದಿರುವುದು ಎಲ್ಲವನ್ನೂ ಫಾರಂನಲ್ಲಿ ಬರೆಯಿರಿ. ನಾಚಿಕೆ ಬೇಡ. ಉಪವಾಸ ಇದ್ದರೆ ಅದನ್ನೂ ಹೇಳಿ. ಬಿಸಿಲಿನಲ್ಲಿ ನೀರು ಕುಡಿಯದೆ ಎರಡು ಗಂಟೆ ಹುಟ್ಟು ಹಾಕುವುದು ಸರಿಯಲ್ಲ. ಅಂಥವರು ದಡದಲ್ಲಿ ಪ್ಲಾಸ್ಟಿಕ್ ತೂಕ ಹಾಕುವ ಕೆಲಸ ಮಾಡಬಹುದು.

ಅಕೌಂಟೆನ್ಸಿಯ ಟ್ರಯಲ್ ಬ್ಯಾಲೆನ್ಸ್ ಎಲ್ಲರಿಗೂ ಗೊತ್ತು. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಮುಂದೆ ಹೋಗುವಂತಿಲ್ಲ. ನಾವು 12ರಂತೆ ಮೂರು ತಂಡ. ಹತ್ತುವಾಗ ಹೆಸರು ಕೂಗಿ ಗುರುತು ಹಾಕಬೇಕು, ದಾರಿಯಲ್ಲಿ ನಿಂತಲ್ಲೆಲ್ಲ ಎಣಿಸಬೇಕು, ಇಳಿದಾಗ ಮತ್ತೆ ಹೆಸರು ಕೂಗಬೇಕು. ಮೊದಲ ತಂಡದ 12 ಮಂದಿ ದಡಕ್ಕೆ ಬಂದ ಗುರುತು ಬೀಳದೆ ಎರಡನೇ ತಂಡ ಹೊರಡುವಂತಿಲ್ಲ.

ನಾನು ಮನೆಯಿಂದ ಹೊರಟಾಗಲೆಲ್ಲ ಅಮ್ಮಿ ಮೂರು ಪ್ರಶ್ನೆ ಕೇಳುತ್ತಾರೆ: ಕಿಸ್ಕೆ ಸಾಥ್? ಕಹಾಂ? ಕಬ್ ವಾಪಸ್? ಯಾರ ಜೊತೆ, ಎಲ್ಲಿಗೆ, ಯಾವಾಗ ಮರಳುವುದು. ನದಿಗೂ ಈ ಮೂರೇ ಪ್ರಶ್ನೆ. ಉತ್ತರ ಬರೆದ ಚೀಟಿ ದಡದಲ್ಲಿರುವ ಒಬ್ಬ ಉಪನ್ಯಾಸಕರ ಕೈಯಲ್ಲಿ ಇರಬೇಕು. ಹೇಳಿದ ಸಮಯಕ್ಕೆ ತಂಡ ಬಾರದಿದ್ದರೆ ಅವರು ‘ಇನ್ನು ಸ್ವಲ್ಪ ನೋಡೋಣ’ ಎನ್ನದೆ ಫೋನ್ ಮಾಡಬೇಕು: ತುರ್ತು ಸೇವೆಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554.

ಉಡುಪು ಮತ್ತು ಜಾಕೆಟ್

ಹುಡುಗಿಯರು ನನ್ನನ್ನು ಹೆಚ್ಚು ಕೇಳಿದ ಪ್ರಶ್ನೆ ಇದು. ಬುರ್ಖಾ ಹಾಕಿ ಕಯಾಕ್ ಹತ್ತಬೇಡಿ. ಸಡಿಲ ಬಟ್ಟೆ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಮತ್ತೆ ದೋಣಿ ಹತ್ತುವಾಗ ಭಾರವಾಗುತ್ತದೆ. ಬೇಗ ಒಣಗುವ ಬಟ್ಟೆಯ ತುಂಬು ತೋಳಿನ, ಮೊಣಕಾಲಿನವರೆಗಿನ ಟಾಪ್, ಟ್ರ್ಯಾಕ್ ಪ್ಯಾಂಟ್, ಪಿನ್ ಇಲ್ಲದ ಚಿಕ್ಕ ಹಿಜಾಬನ್ನು ಒಳಗೆ ಸೇರಿಸಿ ಕಟ್ಟಿದರೆ ಮೈಯೂ ಮುಚ್ಚಿರುತ್ತದೆ, ಕೈಕಾಲೂ ಆಡುತ್ತದೆ. ಜಾಕೆಟ್ ಎಲ್ಲದರ ಮೇಲೆ ಇರಬೇಕು, ಬಟ್ಟೆಯ ಒಳಗಲ್ಲ. ಬಟ್ಟೆ ಬದಲಿಸಲು ಮುಚ್ಚಿದ ಜಾಗ, ಜಾಕೆಟ್ ಬಿಗಿಮಾಡಲು ಒಬ್ಬ ಉಪನ್ಯಾಸಕಿ ಇರಬೇಕೆಂದು ಸಮಿತಿಗೆ ಬರೆದುಕೊಟ್ಟಿದ್ದೇನೆ. ಹುಡುಗರಿಗೂ ಜೀನ್ಸ್ ಬೇಡ.

ಜಾಕೆಟ್ ಹಾಕಿ ಬಕಲ್ ಬಿಗಿಮಾಡಿದ ಮೇಲೆ, ಜೊತೆಗಾರರು ಅದರ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ. ಅದು ಗಲ್ಲ, ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ಹಾಗೆ ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ನಾವು ಕೆಳಗೆ ಜಾರುತ್ತೇವೆ.

ಕಯಾಕ್ ಮಗುಚಿದರೆ ಅದನ್ನೂ ಹುಟ್ಟನ್ನೂ ಬಿಡಬೇಡಿ. ಮಗುಚಿದ ಕಯಾಕ್ ತೇಲುತ್ತದೆ, ದೂರಕ್ಕೂ ಕಾಣುತ್ತದೆ. ದಡಕ್ಕೆ ಈಜಲು ಹೋಗಬೇಡಿ. ಸೆಳೆತ ಇದ್ದರೆ ಅಂಗಾತ ತೇಲಿ, ಪಾದಗಳು ನೀರು ಹೋಗುವ ದಿಕ್ಕಿಗೆ ಮೇಲೆ ಇರಲಿ. ನೋಡುತ್ತಿರುವವರು ನೀರಿಗೆ ಹಾರಬೇಡಿ. ಹುಟ್ಟು ಚಾಚಿ, ಹಗ್ಗ ಎಸೆಯಿರಿ, ಸೀಟಿ ಊದಿ. ವೇಲ್ಸ್‌ನ ಆ ನಾಯಕನ ಕಥೆ ನೆನಪಿರಲಿ.

ಕೊನೆಗೆ ಹಣದ ಮಾತು

ಎಲ್ಲರ ಮನೆಯಲ್ಲೂ 600 ರೂಪಾಯಿ ಸುಲಭವಲ್ಲ ಎಂದು ಗೊತ್ತು. ಆದರೆ ನಮ್ಮ ಬಜೆಟ್ಟಿನಲ್ಲಿ ಟೀ ಶರ್ಟಿಗೆ ಎಂದು ತಲಾ 200 ರೂಪಾಯಿ ಇಟ್ಟಿದ್ದೇವೆ. ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎನ್ನುತ್ತಾರೆ: ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಟ್ಟ ಹಾಗೆ. ಟೀ ಶರ್ಟ್ ಬಿಟ್ಟರೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡದೆ ಮೂರನೇ ಗೈಡ್ ಮತ್ತು ರಕ್ಷಣಾ ದೋಣಿ ಸಿಗುತ್ತವೆ. ಗುರುವಾರದ ಸಮಿತಿ ಸಭೆಯಲ್ಲಿ ನಾನು ಇದನ್ನೇ ಮಂಡಿಸುತ್ತೇನೆ. ಇನ್ನೊಂದು ಕೋರಿಕೆಯೂ ಇದೆ: ಆ ದಿನ ಬೆಳಿಗ್ಗೆ ಗಾಳಿ, ನೀರು ಸರಿ ಇಲ್ಲ ಎಂದು ಗೈಡ್ ಹೇಳಿದರೆ ಕಾರ್ಯಕ್ರಮ ಮುಂದಕ್ಕೆ ಹಾಕಬೇಕು, ಯಾರೂ ಒತ್ತಾಯ ಮಾಡಬಾರದು ಎಂದು ಈಗಲೇ ನಿರ್ಣಯ ಆಗಬೇಕು.

ಒಪ್ಪುವವರು, ಒಪ್ಪದವರು ಇಬ್ಬರೂ ಸಭೆಗೆ ಬನ್ನಿ. ಹೆಸರು ಕೊಟ್ಟವರು ಆರೋಗ್ಯದ ಫಾರಂ, ಪೋಷಕರ ಸಹಿ ಇರುವ ಅನುಮತಿ ಪತ್ರ ಬುಧವಾರದೊಳಗೆ ನನಗೆ ತಲುಪಿಸಿ.