ಪರಲೋಕದ ನೋಟದಲ್ಲಿ ದಿನಚರಿ: ಕಥೋಲಿಕ ಕುಟುಂಬಗಳಿಗೆ ಏಳು ಹಂತಗಳು

ಕಥೋಲಿಕ ಧರ್ಮಸಭೆಯ ಬೋಧನೆಯಂತೆ ಪರಲೋಕ ಅಥವಾ ಸ್ವರ್ಗವೆಂದರೆ ಮೋಡಗಳಾಚೆ ಇರುವ ಒಂದು ಊರಲ್ಲ. ತ್ರೈಏಕ ದೇವರೊಡನೆ ಮನುಷ್ಯ ಹೊಂದುವ ಜೀವಂತ, ಪರಿಪೂರ್ಣ ಬಾಂಧವ್ಯವನ್ನೇ ಆ ಹೆಸರು ಸೂಚಿಸುತ್ತದೆ ಎಂದು ಪೋಪ್ ಎರಡನೇ ಜಾನ್ ಪಾಲ್ 1999ರ ಜುಲೈ 21ರ ಉಪದೇಶದಲ್ಲಿ ವಿವರಿಸಿದ್ದರು. ದಿನದ ಪ್ರಾರ್ಥನೆ, ದುಡಿಮೆ, ಜಗಳ, ಖರ್ಚು, ಕಾಯಿಲೆಗಳನ್ನು ಆ ಬಾಂಧವ್ಯದ ಬೆಳಕಿನಲ್ಲಿ ಅಳೆದು ನೋಡುವ ಅಭ್ಯಾಸವನ್ನು ಪರಲೋಕದ ನೋಟ ಎನ್ನಬಹುದು. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವು ಮೇಲಿನವುಗಳ ಮೇಲೆ ಮನಸ್ಸಿಡಬೇಕೆಂಬ ಬುದ್ಧಿವಾದದಿಂದ ಆರಂಭವಾಗಿ, ಸುಳ್ಳು ಹೇಳದಿರುವುದು, ಕ್ಷಮಿಸುವುದು, ಗಂಡ-ಹೆಂಡತಿ ಮತ್ತು ತಂದೆ-ಮಕ್ಕಳು ನಡೆದುಕೊಳ್ಳಬೇಕಾದ ರೀತಿ ಮುಂತಾದ ಮನೆವಾರ್ತೆಗೇ ಬಂದು ನಿಲ್ಲುವುದನ್ನು ಗಮನಿಸಿದರೆ, ಈ ನೋಟ ಲೋಕಕ್ಕೆ ಬೆನ್ನು ಮಾಡುವುದಲ್ಲ ಎಂಬುದು ತಿಳಿಯುತ್ತದೆ.

ಈ ಬರಹದ ಹಿನ್ನೆಲೆಯಾಗಿರುವ, ದತ್ತಕ್ಷೇತ್ರ ಗಾಣಗಾಪುರವಿರುವ ಅಫಜಲಪುರ ತಾಲ್ಲೂಕು, ನೆರೆಯ ಆಳಂದ ಮತ್ತು ಜೇವರ್ಗಿ ತಾಲ್ಲೂಕುಗಳು 2005ರ ಜೂನ್ 24ರಂದು ಸ್ಥಾಪನೆಯಾದ ಕಲಬುರಗಿ ಧರ್ಮಕ್ಷೇತ್ರಕ್ಕೆ ಸೇರಿವೆ. ಧರ್ಮಕ್ಷೇತ್ರವೆಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಪ್ರದೇಶ, ಇಲ್ಲಿನ ಮೊದಲ ಧರ್ಮಾಧ್ಯಕ್ಷರು ರಾಬರ್ಟ್ ಮಿರಾಂಡ. ಈ ಸೀಮೆಯಲ್ಲಿ ಕಥೋಲಿಕರ ಸಂಖ್ಯೆ ಬಹಳ ಚಿಕ್ಕದಾಗಿರುವುದರಿಂದ ಚರ್ಚಿನ ಗಂಟೆ ಕಿವಿಗೆ ಬೀಳದ ಊರುಗಳಲ್ಲಿರುವ ಕುಟುಂಬಗಳು ಮನೆಯಲ್ಲೇ ಪಾಲಿಸಬಹುದಾದ ಕ್ರಮವನ್ನು ಇಲ್ಲಿ ಹಂತಹಂತವಾಗಿ ನೀಡಲಾಗಿದೆ.

1. ಏಳುತ್ತಲೇ ದಿನವನ್ನು ಅರ್ಪಿಸುವುದು

ಹಾಸಿಗೆಯಿಂದ ಎದ್ದು ಶಿಲುಬೆಯ ಗುರುತು ಹಾಕಿಕೊಂಡ ಮೇಲೆ, ಮೊಬೈಲ್ ಕೈಗೆತ್ತಿಕೊಳ್ಳುವ ಮೊದಲು, ಆ ದಿನದ ಕೆಲಸ, ಸಂತೋಷ ಮತ್ತು ನೋವುಗಳನ್ನು ಒಂದೆರಡು ವಾಕ್ಯಗಳಲ್ಲಿ ದೇವರಿಗೆ ಒಪ್ಪಿಸುವುದು ಮೊದಲ ಹಂತ. ಫ್ರಾನ್ಸಿನ ವಾಲ್ಸ್ ಎಂಬಲ್ಲಿ, ಓದು ಮುಗಿಯುವ ಮೊದಲೇ ದೂರದೇಶಗಳ ಸೇವೆಗೆ ಹೊರಡಲು ತವಕಿಸುತ್ತಿದ್ದ ಯೇಸುಸಭೆಯ ವಿದ್ಯಾರ್ಥಿಗಳಿಗೆ, ಇದ್ದಲ್ಲಿಯೇ ದಿನನಿತ್ಯದ ಕೆಲಸವನ್ನು ದೇವರಿಗೆ ಅರ್ಪಿಸಿದರೆ ಅದೂ ಸೇವೆಯೇ ಎಂದು ಗುರುಗಳಾದ ಗೋತ್ರಲೇ 1844ರ ಡಿಸೆಂಬರ್ 3ರಂದು ಬೋಧಿಸಿದ ನಂತರ ಬೆಳಗಿನ ಸಮರ್ಪಣೆಯ ಪದ್ಧತಿ ಕಥೋಲಿಕ ಲೋಕದಲ್ಲೆಲ್ಲ ವ್ಯಾಪಕವಾಗಿ ಹರಡಿತು. ರೊಟ್ಟಿ ಬಡಿಯುವ ಕೈಗೂ ತೊಗರಿಯ ಹೊಲದಲ್ಲಿ ಕಳೆ ಕೀಳುವ ಕೈಗೂ ಈ ಸಮರ್ಪಣೆ ಸಮಾನವಾಗಿ ಒಪ್ಪುತ್ತದೆ.

2. ಪ್ರಭುವಿನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುವುದು

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯು ಪರಲೋಕದ ತಂದೆಯನ್ನು ಕರೆಯುವುದರಿಂದ ಮೊದಲಾಗುತ್ತದೆ. ಅದರಲ್ಲಿ ಏಳು ಬಿನ್ನಹಗಳಿದ್ದು, ಮೊದಲ ಮೂರು ದೇವರ ನಾಮ, ರಾಜ್ಯ ಮತ್ತು ಚಿತ್ತವನ್ನು ಕುರಿತವು, ಉಳಿದ ನಾಲ್ಕು ಅನುದಿನದ ಆಹಾರ, ಕ್ಷಮೆ, ಶೋಧನೆ ಮತ್ತು ಕೇಡಿನಿಂದ ಬಿಡುಗಡೆಯನ್ನು ಕುರಿತವು. ವಾರದ ಏಳು ದಿನಗಳಿಗೆ ಏಳು ಬಿನ್ನಹಗಳನ್ನು ಹಂಚಿಕೊಂಡು, ದಿನಕ್ಕೊಂದರ ಬಳಿ ಕ್ಷಣಕಾಲ ತಡೆದು ನಿಲ್ಲುವುದು ಸುಲಭವಾದ ಉಪಾಯ. ಆಹಾರದ ದಿನ ಮನೆಯಲ್ಲಿರುವ ಜೋಳದ ಹಿಟ್ಟಿನ ಡಬ್ಬಿಯನ್ನೂ ಅದು ಖಾಲಿಯಾಗಿರುವ ನೆರೆಮನೆಯನ್ನೂ ನೆನೆದರೆ, ಅದೇ ಧ್ಯಾನವಾಗುತ್ತದೆ.

3. ಮಧ್ಯಾಹ್ನ ಕೆಲಸ ನಿಲ್ಲಿಸುವುದು

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಹೇಳುವ ತ್ರಿಕಾಲ ಪ್ರಾರ್ಥನೆಯು ದೇವದೂತ ಗಬ್ರಿಯೇಲ ಮರಿಯಮ್ಮನವರಿಗೆ ತಂದ ವಾರ್ತೆ, ಅವರು ಕೊಟ್ಟ ಒಪ್ಪಿಗೆ ಮತ್ತು ದೇವಪುತ್ರ ಮನುಷ್ಯನಾದುದು ಎಂಬ ಮೂರು ಸಂಗತಿಗಳನ್ನು ಸ್ಮರಿಸುತ್ತದೆ. ನಜರೇತಿನ ಸಾಧಾರಣ ಮನೆಯೊಂದಕ್ಕೆ ಪರಲೋಕವೇ ಇಳಿದು ಬಂದ ಘಟನೆಯನ್ನು ಅದು ದಿನಕ್ಕೆ ಮೂರು ಬಾರಿ ಕಣ್ಣೆದುರಿಗೆ ತರುತ್ತದೆ. ಒಂದೆರಡು ನಿಮಿಷ ಸಾಕು.

ಮಧ್ಯಾಹ್ನದ ಹೊತ್ತಿನ ಬೆಲೆಯನ್ನು ಗಾಣಗಾಪುರದ ಜನರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಈ ದತ್ತಕ್ಷೇತ್ರದಲ್ಲಿ ಭಕ್ತರು ಆ ಹೊತ್ತಿಗೆ ಮಾಧುಕರಿ ಬೇಡುತ್ತಾರೆ. ಮಧುಕರ ಎಂದರೆ ಜೇನುನೊಣ, ಅದು ಹೂವಿಂದ ಹೂವಿಗೆ ಹೋಗುವಂತೆ ಮನೆಯಿಂದ ಮನೆಗೆ ಹೋಗಿ ಪಡೆಯುವ ಭಿಕ್ಷೆಯೇ ಮಾಧುಕರಿ, ಹಾಗೂ ಭಿಕ್ಷುಕನ ವೇಷದಲ್ಲಿ ಗುರುವೇ ಬಂದಿರಬಹುದೆಂಬುದು ಅಲ್ಲಿನ ನಂಬಿಕೆ. ಕಥೋಲಿಕ ವಿಶ್ವಾಸದ ನೆಲೆ ಬೇರೆಯಾದರೂ, ಹಸಿದವರಿಗೆ ಕೊಟ್ಟದ್ದು ತನಗೇ ಕೊಟ್ಟಂತೆ ಎಂದು ಯೇಸುಸ್ವಾಮಿ ಹೇಳಿದುದನ್ನು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ ದಾಖಲಿಸುತ್ತದೆ, ಮತ್ತು ಅಲ್ಲಿ ಅಂತಿಮ ತೀರ್ಪಿನ ಅಳತೆಗೋಲು ಅದೇ ಆಗಿದೆ. ಆದ್ದರಿಂದ ತ್ರಿಕಾಲ ಪ್ರಾರ್ಥನೆ ಮುಗಿಸಿ ಊಟಕ್ಕೆ ಕೂರುವ ಮುನ್ನ, ಬಾಗಿಲಿಗೆ ಬಂದವರಿಗೆಂದು ಒಂದು ರೊಟ್ಟಿ, ಒಂದಿಷ್ಟು ಪಲ್ಯ ತೆಗೆದಿಡುವ ವಾಡಿಕೆಯನ್ನು ಇಲ್ಲಿನ ಕಥೋಲಿಕ ಕುಟುಂಬವೊಂದು ಬೆಳೆಸಿಕೊಂಡರೆ ಅದಕ್ಕೆ ಊರಿನ ರೂಢಿಯೂ ಶುಭಸಂದೇಶವೂ ಒಟ್ಟಿಗೆ ಆಧಾರವಾಗುತ್ತವೆ.

4. ತೀರ್ಮಾನಗಳನ್ನು ಮರಣದ ಗಳಿಗೆಯಿಂದ ನೋಡುವುದು

ಲೊಯೋಲದ ಸಂತ ಇಗ್ನೇಷಿಯಸ್ ರಚಿಸಿದ, 1548ರಲ್ಲಿ ಪೋಪ್ ಮೂರನೇ ಪಾಲ್ ಅನುಮೋದಿಸಿದ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಒಂದು ನಿಯಮವಿದೆ: ಗೊಂದಲದ ತೀರ್ಮಾನವೊಂದು ಎದುರಾದಾಗ ಮನುಷ್ಯ ತನ್ನ ಮರಣದ ಗಳಿಗೆಯಲ್ಲಿದ್ದಾನೆಂದು ಭಾವಿಸಿ, ಆಗ ಯಾವುದನ್ನು ಮಾಡಿರಬೇಕಿತ್ತೆಂದು ಅನ್ನಿಸುವುದೋ ಅದನ್ನೇ ಈಗ ಆರಿಸಿಕೊಳ್ಳಬೇಕು. ಇಬ್ಬರು ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವನ್ನು ಒಬ್ಬ ಒಂದು ಗೇಣು ಒತ್ತಿ ಉತ್ತಿದ್ದಾನೆಂದು ಇಟ್ಟುಕೊಂಡರೆ, ಆ ಗೇಣಿನ ನೆಲದಲ್ಲಿ ಬರುವ ತೊಗರಿಯೆಷ್ಟು, ಅದಕ್ಕಾಗಿ ನಿಂತುಹೋದ ಮಾತುಕತೆಯೆಷ್ಟು ಎಂಬ ಲೆಕ್ಕ ಆ ಗಳಿಗೆಯಿಂದ ನೋಡಿದಾಗ ತಟ್ಟನೆ ಸ್ಪಷ್ಟವಾಗುತ್ತದೆ. ರಾಶಿ ಮಾಡಿ ಮಾರುವಾಗ ಕಾಟಾದ ತೂಕ, ಕೂಲಿಯವರಿಗೆ ಕೊಡಬೇಕಾದ ಹಣ, ಮದುವೆಗೆ ಮಾಡುವ ಸಾಲ ಇವೆಲ್ಲವೂ ಇದೇ ಪರೀಕ್ಷೆಗೆ ಒಳಪಡತಕ್ಕವು. ತನ್ನ ಪಾಲಿನ ನ್ಯಾಯವನ್ನು ಬಿಟ್ಟುಕೊಡಬೇಕೆಂದು ಈ ನಿಯಮ ಹೇಳುವುದಿಲ್ಲ, ಹಟವನ್ನೂ ನ್ಯಾಯವನ್ನೂ ಬೇರ್ಪಡಿಸಿ ನೋಡಲು ಕಲಿಸುತ್ತದೆ.

5. ಭಾನುವಾರವನ್ನು ಕಾಯ್ದುಕೊಳ್ಳುವುದು

ಭೂಮಿಯ ಮೇಲಿನ ಆರಾಧನೆಯಲ್ಲಿ ವಿಶ್ವಾಸಿಗಳು ಪರಲೋಕದ ಆರಾಧನೆಯ ಮುನ್‌ರುಚಿಯನ್ನು ಸವಿಯುತ್ತಾರೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾ ಸಂವಿಧಾನದಲ್ಲಿ ಬೋಧಿಸಿತು. ಬಲಿಪೂಜೆಯ ನಡುವೆ ಹೃದಯಗಳನ್ನು ಮೇಲಕ್ಕೆತ್ತುವಂತೆ ಗುರುಗಳು ಕರೆಕೊಡುವಾಗ ವಾರದ ಭಾರವನ್ನು ಅಲ್ಲಿಯೇ ಹೆಸರಿಟ್ಟು ಒಪ್ಪಿಸುವುದು ಒಳ್ಳೆಯದು. ಕಾಯಿಲೆ ಅಥವಾ ದೂರದ ಕಾರಣ ಹೋಗಲಾಗದವರು ಆ ದಿನದ ವಾಚನಗಳನ್ನು ಮನೆಮಂದಿ ಕೂಡಿ ಓದಿ, ಪರಮಪ್ರಸಾದವನ್ನು ಸ್ವೀಕರಿಸುವ ಬಯಕೆಯನ್ನು ಪ್ರಾರ್ಥನೆಯಾಗಿ ಸಲ್ಲಿಸಬಹುದು. ಭಾನುವಾರ ಮತ್ತು ಬುಧವಾರ ಜಪಸರದಲ್ಲಿ ಪುನರುತ್ಥಾನ, ಸ್ವರ್ಗಾರೋಹಣ ಮೊದಲಾದ ಮಹಿಮೆಯ ರಹಸ್ಯಗಳನ್ನು ಧ್ಯಾನಿಸುವುದು ರೂಢಿ.

6. ರಾತ್ರಿ ಐದು ನಿಮಿಷದ ಆತ್ಮಶೋಧನೆ

ಮಲಗುವ ಮುನ್ನ ದಿನದ ಒಳಿತಿಗೆ ಕೃತಜ್ಞತೆ ಹೇಳಿ, ಬೆಳಕು ಬೇಡಿ, ದಿನವನ್ನು ಮರಳಿ ನೋಡಿ, ತಪ್ಪಿಗೆ ಕ್ಷಮೆ ಕೇಳಿ, ನಾಳೆಗೆ ಒಂದೇ ಒಂದು ಸಂಕಲ್ಪ ಮಾಡಬೇಕು. ಒಂದೇ ತಪ್ಪು ಮತ್ತೆ ಮತ್ತೆ ಮರುಕಳಿಸಿದರೆ ಅದನ್ನು ಪಾಪನಿವೇದನೆಗೆ ಒಯ್ಯುವುದು ಮುಂದಿನ ದಾರಿ.

7. ಅಗಲಿದವರನ್ನು ಹೆಸರಿಟ್ಟು ನೆನೆಯುವುದು

ಭೂಮಿಯ ಮೇಲಿನ ವಿಶ್ವಾಸಿಗಳು, ಮರಣಾನಂತರ ಶುದ್ಧೀಕರಣ ಹೊಂದುತ್ತಿರುವವರು ಮತ್ತು ಸ್ವರ್ಗ ಸೇರಿದವರು ಒಂದೇ ಕುಟುಂಬವೆಂಬ ಬೋಧನೆಗೆ ಸಂತರ ಅನ್ಯೋನ್ಯತೆ ಎಂದು ಹೆಸರು. ನವೆಂಬರ್ 1 ಸಕಲ ಸಂತರ ಹಬ್ಬ, ನವೆಂಬರ್ 2 ಮೃತರ ಸ್ಮರಣೆಯ ದಿನ. ಮನೆಯ ಹಿರಿಯರ ಹೆಸರು ಮತ್ತು ಅವರು ತೀರಿಕೊಂಡ ದಿನಾಂಕಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು, ಆಯಾ ದಿನದ ಪ್ರಾರ್ಥನೆಯಲ್ಲಿ ಮಕ್ಕಳಿಂದ ಓದಿಸಿದರೆ, ಪರಲೋಕವೆಂಬುದು ಅವರಿಗೆ ತಮ್ಮ ಅಜ್ಜ-ಅಜ್ಜಿಯರ ನೆನಪಿನ ಮೂಲಕವೇ ಪರಿಚಯವಾಗುತ್ತದೆ.

ಗಮನಿಸಬೇಕಾದ ಎಚ್ಚರಿಕೆ

ಬರಗಾಲ, ಸಾಲ, ಮುಂಬೈ-ಪುಣೆಗೆ ಗುಳೆ ಹೋಗುವ ಬವಣೆಗಳನ್ನು ಸ್ವರ್ಗದ ಹೆಸರು ಹೇಳಿ ಸಹಿಸಿಕೊಳ್ಳಿರೆಂದು ಬೋಧಿಸುವುದು ಈ ನೋಟದ ದುರುಪಯೋಗ. ಹೊಸ ಭೂಮಿಯ ನಿರೀಕ್ಷೆಯು ಈ ಭೂಮಿಯ ಕುರಿತ ಕಾಳಜಿಯನ್ನು ಕುಗ್ಗಿಸದೆ ಇನ್ನಷ್ಟು ಚುರುಕುಗೊಳಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೇ 1965ರ ಡಿಸೆಂಬರ್ 7ರ ದಾಖಲೆಯಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ ತೀರ್ಪಿನ ಭಯದಿಂದ ನಿದ್ದೆಗೆಡುವವರು, ಆಪ್ತರನ್ನು ಕಳೆದುಕೊಂಡು ಊಟ ಬಿಟ್ಟವರು ಗುರುಗಳೊಡನೆ ಮಾತನಾಡುವುದರ ಜೊತೆಗೆ ವೈದ್ಯರನ್ನೂ ಕಾಣಬೇಕು.

ಏಳೂ ಹಂತಗಳನ್ನು ಒಂದೇ ದಿನ ಆರಂಭಿಸುವ ಅಗತ್ಯವಿಲ್ಲ. ಮೊದಲ ತಿಂಗಳು ಬೆಳಗಿನ ಸಮರ್ಪಣೆ ಮತ್ತು ರಾತ್ರಿಯ ಆತ್ಮಶೋಧನೆ, ಎರಡನೆಯ ತಿಂಗಳು ಮಧ್ಯಾಹ್ನದ ಪ್ರಾರ್ಥನೆ, ಆಮೇಲೆ ಉಳಿದವು ಎಂಬ ಕ್ರಮ ಸಾಕು. ಮೂರು ತಿಂಗಳ ನಂತರ ಮನೆಯಲ್ಲಿ ಎಷ್ಟು ಪ್ರಾರ್ಥನೆಗಳಾದವು ಎಂದು ಎಣಿಸುವ ಬದಲು, ಮಾತು ಬಿಟ್ಟಿದ್ದ ಬಂಧುವಿನ ಮನೆಗೆ ಯಾರಾದರೂ ಹೋಗಿ ಬಂದರೇ ಎಂದು ಓದುಗರು ಕೇಳಿಕೊಳ್ಳಲಿ.