ಸೂರು ಕಳೆದುಕೊಂಡವರ ಹಕ್ಕು

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ಅನುಗ್ರಹಗಳನ್ನು ಒಂದೊಂದಾಗಿ ಎಣಿಸಿ ಹೇಳಲಾಗಿದೆ. ಮಳೆ, ಹಾಲು, ಜೇನು, ನೆರಳು, ಉಡುಪು ಇವುಗಳ ಜೊತೆಯಲ್ಲಿ ಮನೆಯೂ ಇದೆ. 80ನೆಯ ಸೂಕ್ತದಲ್ಲಿ ಮನೆಯನ್ನು ವರ್ಣಿಸಲು ಬಳಸಿದ ಪದ 'ಸಕನ್'. ಎಂದರೆ ನೆಮ್ಮದಿಯಿಂದ ನೆಲೆಸುವ ತಾಣ. ಮನಶ್ಶಾಂತಿಗೆ ಹೇಳುವ 'ಸಕೀನತ್' ಎಂಬ ಪದವೂ ಇದೇ ಧಾತುವಿನಿಂದ ಬಂದಿದೆ. ಝಕಾತಿಗೆ ಅರ್ಹರಾದ 'ಮಿಸ್ಕೀನ್'ರ ಹೆಸರಿಗೂ ಇದೇ ಮೂಲ. ಮನೆ, ಶಾಂತಿ, ಬಡವ ಈ ಮೂರಕ್ಕೂ ಒಂದೇ ಬೇರು ಇರುವುದು ನಮ್ಮನ್ನು ಚಿಂತನೆಗೆ ಹಚ್ಚಬೇಕು.

ಮನೆ ಬಿದ್ದಾಗ ಗೋಡೆ, ಹೆಂಚು ಮಾತ್ರ ಹೋಗುವುದಿಲ್ಲ. ಹೆಣ್ಣುಮಕ್ಕಳ ಮರೆ, ಮಕ್ಕಳ ಓದು, ಮುದುಕರ ನಿದ್ದೆ, ಮನೆಯೊಡೆಯನ ಮಾನ ಎಲ್ಲವೂ ಬೀದಿಗೆ ಬರುತ್ತವೆ.

ನಮ್ಮ ಕಣ್ಣೆದುರಿನ ಸಂಗತಿ

ದಾವಣಗೆರೆ ಜಿಲ್ಲೆಯಲ್ಲಿ ಇದು ಅಪರೂಪದ ವಿಷಯವಲ್ಲ. ತುಂಗಾ ಮತ್ತು ಭದ್ರಾ ಅಣೆಕಟ್ಟುಗಳಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಹೊನ್ನಾಳಿಯಲ್ಲಿ ತುಂಗಭದ್ರೆ ಏರುತ್ತದೆ. ನದಿದಂಡೆಯ ತಗ್ಗಿನ ಕೇರಿಗಳ ಸಂಸಾರಗಳು ಪಾತ್ರೆ, ಹಾಸಿಗೆ ಹೊತ್ತು ಗಂಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. 2019ರ ಆಗಸ್ಟಿನ ನೆರೆಯಂತೂ ಕರ್ನಾಟಕದ ಬಹುಭಾಗವನ್ನು ನಡುಗಿಸಿತು. ಇತ್ತ ಜಗಳೂರು ಬರದ ಸೀಮೆ. ಅಲ್ಲಿ ನದಿಯ ಭಯವಿಲ್ಲ. ಆದರೆ ಮಣ್ಣಿನ ಗೋಡೆಯ ಹಳೆಯ ಮನೆಗಳಿಗೆ ವಾರಗಟ್ಟಲೆ ಹಿಡಿಯುವ ಜಿಟಿಜಿಟಿ ಮಳೆಯೇ ಶತ್ರು. ನೀರು ಕುಡಿದ ಗೋಡೆ ಒಮ್ಮೊಮ್ಮೆ ಮಳೆ ನಿಂತು ಬಿಸಿಲು ಬಂದ ದಿನವೇ ಕುಸಿಯುತ್ತದೆ. ಚನ್ನಗಿರಿ ಮತ್ತು ನ್ಯಾಮತಿಯ ಹಳ್ಳಿಗಳಲ್ಲೂ ಮಣ್ಣಿನ ಮನೆಗಳ ಪಾಡು ಇದೇ.

ಇಂತಹ ಮನೆಯೊಂದರ ಯಜಮಾನನನ್ನು ಕಣ್ಮುಂದೆ ತಂದುಕೊಳ್ಳೋಣ. ಅವನು ಕೂಲಿ ಮಾಡುವವನು. ಹೆಂಡತಿ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ. ಮೂವರು ಮಕ್ಕಳು, ಜೊತೆಗೆ ವೃದ್ಧೆಯಾದ ಅಮ್ಮಿ. ಮನೆ ಬಿದ್ದ ಮೊದಲ ವಾರ ನೆಂಟರ ಮನೆ. ಎರಡನೆಯ ವಾರ ಶಾಲೆಯ ಕೊಠಡಿ. ಅನಂತರ ಬಾಡಿಗೆ ಕೋಣೆ ಹುಡುಕಿದರೆ ಮುಂಗಡ ಹಣವಿಲ್ಲ. ಕೊನೆಗೊಂದು ಶುಕ್ರವಾರ ಜುಮಾ ನಮಾಝ್ ಮುಗಿದೊಡನೆ ಅವನು ಕೊನೆಯ ಸಾಲಿನಲ್ಲಿ ಎದ್ದು ನಿಲ್ಲುತ್ತಾನೆ. ಪ್ಲಾಸ್ಟಿಕ್ ಕವರಿನಲ್ಲಿ ಜಮಾಅತಿನ ಒಂದು ಪತ್ರ. ಮಸೀದಿಯ ಬಾಗಿಲಲ್ಲಿ ವಸ್ತ್ರ ಹಾಸುತ್ತಾನೆ. ನಾವು ಹತ್ತೋ ಇಪ್ಪತ್ತೋ ಹಾಕಿ ಹೊರಡುತ್ತೇವೆ. ಮುಂದಿನ ಶುಕ್ರವಾರ ಅವನು ಮತ್ತೊಂದು ಊರಿನಲ್ಲಿ. ಹೊನ್ನಾಳಿಯಿಂದ ನ್ಯಾಮತಿಗೆ, ಅಲ್ಲಿಂದ ಚನ್ನಗಿರಿಗೆ, ಆಮೇಲೆ ಜಗಳೂರಿಗೆ. ಬಂದುದರಲ್ಲಿ ಬಸ್ಸಿನ ಖರ್ಚು ಕಳೆದು ಉಳಿಯುವುದು ಅಂದಿನ ಅಕ್ಕಿಗೆ ಸಾಕು, ಮನೆಗೆ ಸಾಲದು.

ನಾವು ಅವನಿಗೆ ಸಹಾಯ ಮಾಡಿದೆವೇ? ಅಥವಾ ಅವನನ್ನು ಅಲೆಮಾರಿಯನ್ನಾಗಿ ಮಾಡಿದೆವೇ?

ಕಬೀಸ(ರ) ಕಲಿತ ಪಾಠ

ಸಹೀಹ್ ಮುಸ್ಲಿಮಿನಲ್ಲಿ ಕಬೀಸ ಬಿನ್ ಮುಖಾರಿಕ್(ರ)ರಿಂದ ವರದಿಯಾದ ಹದೀಸೊಂದಿದೆ. ಅವರು ಇನ್ನೊಬ್ಬರ ಹೊಣೆಯನ್ನು ತಮ್ಮ ಮೇಲೆ ಹೊತ್ತು ಸಾಲಕ್ಕೆ ಸಿಲುಕಿದ್ದರು. ನೆರವು ಬೇಡಿ ಪ್ರವಾದಿವರ್ಯರ(ಸ) ಬಳಿಗೆ ಬಂದರು. ಝಕಾತಿನ ಹಣ ಬರುವವರೆಗೆ ನಮ್ಮಲ್ಲಿಯೇ ಇರು, ಬಂದೊಡನೆ ನಿನಗೆ ಕೊಡಿಸುತ್ತೇವೆ ಎಂಬ ಅರ್ಥದ ಮಾತನ್ನು ಪ್ರವಾದಿವರ್ಯರು(ಸ) ಹೇಳಿದರು. ಆ ಬಳಿಕ ಯಾಚನೆಯು ಮೂರು ಬಗೆಯ ಜನರಿಗೆ ಮಾತ್ರ ಸಮ್ಮತವೆಂದು ವಿವರಿಸಿದರು. ಒಬ್ಬನು ಹೊಣೆ ಹೊತ್ತು ಸಾಲಗಾರನಾದವನು. ಇನ್ನೊಬ್ಬನು ವಿಪತ್ತಿನಿಂದ ಸೊತ್ತು ನಾಶವಾದವನು. ಮೂರನೆಯವನು ಕಡುಬಡತನಕ್ಕೆ ಬಿದ್ದವನು. ಆದರೆ ಅವನ ಜನರಲ್ಲಿ ವಿವೇಕಿಗಳಾದ ಮೂವರು ಅದಕ್ಕೆ ಸಾಕ್ಷಿ ನುಡಿಯಬೇಕು. ಇವರ ಹೊರತು ಬೇಡಿ ತಿನ್ನುವವನು ನಿಷಿದ್ಧವನ್ನು ತಿನ್ನುತ್ತಾನೆ.

ಯಾಚನೆಯನ್ನು ತಡೆಯಲೆಂದು ನಾವು ಈ ಹದೀಸನ್ನು ಆಗಾಗ ಉದ್ಧರಿಸುತ್ತೇವೆ. ಆದರೆ ಇದರಲ್ಲಿ ಕೊಡುವವರಿಗೂ ಮೂರು ಪಾಠಗಳಿವೆ.

ಮೊದಲನೆಯದಾಗಿ, ಕಬೀಸರನ್ನು(ರ) ಯಾರೂ ಮನೆಮನೆಗೆ ಕಳಿಸಲಿಲ್ಲ. ಅವರ ಕಷ್ಟವನ್ನು ಸಮುದಾಯದ ನಿಧಿ ವಹಿಸಿಕೊಂಡಿತು. ಎರಡನೆಯದಾಗಿ, ಮನೆ ಬಿದ್ದವನು, ಬೆಳೆ ಹಾಳಾದವನು ಕೇಳುವುದು ಅವಮಾನವಲ್ಲ. ಪ್ರವಾದಿವರ್ಯರೇ(ಸ) ಅವನಿಗೆ ಆ ಹಕ್ಕನ್ನು ಕೊಟ್ಟಿದ್ದಾರೆ. ಮೂರನೆಯದು ಬಹಳ ಮುಖ್ಯ. ವಿಪತ್ತಿಗೊಳಗಾದವನ ವಿಷಯದಲ್ಲಿ ಮಿತಿಯೊಂದನ್ನು ಹೇಳಲಾಗಿದೆ: ಅವನ ಬದುಕು ಮತ್ತೆ ನೆಟ್ಟಗೆ ನಿಲ್ಲುವವರೆಗೆ. ಒಂದು ಹೊತ್ತಿನ ಊಟದವರೆಗೆ ಅಲ್ಲ, ಒಂದು ಶುಕ್ರವಾರದ ವಸೂಲಿಯವರೆಗೂ ಅಲ್ಲ.

ಅಬೂ ಅಯ್ಯೂಬರ(ರ) ಮನೆ

ಈ 'ನಿಲ್ಲುವವರೆಗೆ' ಎಂಬುದರ ಅರ್ಥವನ್ನು ಮದೀನದ ಅನ್ಸಾರರು ನಡೆದು ತೋರಿಸಿದರು. ಹಿಜ್ರತಿನಲ್ಲಿ ಮನೆಮಾರು ಬಿಟ್ಟು ಬಂದವರನ್ನು ಅವರು ಹೇಗೆ ಪ್ರೀತಿಸಿದರೆಂಬುದನ್ನು, ತಮಗೇ ಕೊರತೆ ಇದ್ದರೂ ಇತರರಿಗೆ ಪ್ರಾಶಸ್ತ್ಯ ಕೊಟ್ಟುದನ್ನು ಅಲ್‌ಹಶ್ರ್ ಅಧ್ಯಾಯದ 9ನೆಯ ಸೂಕ್ತ ಪ್ರಶಂಸಿಸುತ್ತದೆ. ಪ್ರವಾದಿವರ್ಯರು(ಸ) ಸ್ವತಃ ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಮನೆಯಲ್ಲಿ ತಂಗಿದರು. ಕೆಳಗೆ ಪ್ರವಾದಿವರ್ಯರು(ಸ), ಮೇಲೆ ಆತಿಥೇಯ ದಂಪತಿಗಳು. ಒಮ್ಮೆ ಮೇಲಿನ ನೀರಿನ ಮಡಕೆ ಒಡೆಯಿತು. ಕೆಳಗಿರುವವರ ಮೇಲೆ ಹನಿ ಸೋರಬಾರದೆಂದು ಆ ದಂಪತಿಗಳು ತಮಗಿದ್ದ ಒಂದೇ ಹೊದಿಕೆಯಿಂದ ನೀರನ್ನು ಹೀರಿಸಿದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಮಸೀದಿ ಮತ್ತು ಅದಕ್ಕೆ ತಾಗಿದ ಕೋಣೆಗಳು ಸಿದ್ಧವಾಗುವವರೆಗೆ, ಸುಮಾರು ಏಳು ತಿಂಗಳು ಈ ಆತಿಥ್ಯ ನಡೆಯಿತು. ತಮ್ಮದೇ ಸೂರು ಆಗುವವರೆಗೆ ಎಂಬುದು ಗಮನಾರ್ಹ.

ಸ್ಪೇನಿನ ವಿದ್ವಾಂಸ ಇಬ್ನು ಹಝ್ಮ್ (ನಿಧನ ಕ್ರಿ.ಶ. 1064) ತಮ್ಮ 'ಅಲ್‌ಮುಹಲ್ಲಾ'ದಲ್ಲಿ ಇದನ್ನು ನೇರವಾಗಿ ಕಡ್ಡಾಯವೆಂದರು. ಪ್ರತಿಯೊಂದು ಊರಿನ ಶ್ರೀಮಂತರು ಅಲ್ಲಿನ ಬಡವರ ಹೊಣೆ ಹೊರಬೇಕು. ಝಕಾತ್ ಸಾಲದಿದ್ದರೂ ಅವರಿಗೆ ಆಹಾರ, ಋತುವಿಗೆ ತಕ್ಕ ಉಡುಪು, ಹಾಗೂ ಮಳೆ, ಬಿಸಿಲು ಮತ್ತು ದಾರಿಹೋಕರ ಕಣ್ಣುಗಳಿಂದ ಕಾಪಾಡುವ ಮನೆ ಸಿಗಬೇಕು. ದಾರಿಹೋಕರ ಕಣ್ಣುಗಳಿಂದ! ಗಂಜಿ ಕೇಂದ್ರದಲ್ಲಿ ಸೀರೆಯನ್ನೇ ಪರದೆ ಕಟ್ಟಿಕೊಂಡು ಮಲಗಿದ ತಾಯಿಗೆ ಆ ಮಾತಿನ ಬೆಲೆ ಗೊತ್ತು.

ಜಮಾಅತ್ ಮಾಡಬಹುದಾದುದು

ಹಾಗಾದರೆ ನಮ್ಮ ಮೊಹಲ್ಲಾಗಳಲ್ಲಿ ಏನು ಸಾಧ್ಯ?

ಮೊದಲ ಕೆಲಸ ಹಣದ್ದಲ್ಲ, ಕಾಗದದ್ದು. ಮನೆ ಬಿದ್ದರೆ ತಡಮಾಡದೆ ಗ್ರಾಮ ಆಡಳಿತಾಧಿಕಾರಿಗೂ ಪಂಚಾಯತಿಗೂ ತಿಳಿಸಿ, ಫೋಟೊ ತೆಗೆಸಿ, ಹಾನಿಯ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. 2019ರ ನೆರೆಯ ಬಳಿಕ ರಾಜ್ಯ ಸರಕಾರ ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಮೊತ್ತ ಮತ್ತು ನಿಯಮ ಆಗಾಗ ಬದಲಾಗುವುದರಿಂದ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುತ್ತದೆ. ಆ ದಿನ ನಮ್ಮವರು ಮನೆಯಲ್ಲಿ ಕುಳಿತರೆ ಹೆಸರು ಬರುವುದು ಹೇಗೆ? ಹಕ್ಕುಪತ್ರ, ಖಾತೆ ಇಲ್ಲದವರ ಅರ್ಜಿ ಹಿಂದೆ ಬೀಳುತ್ತದೆ. ಓದುಬರಹ ಬಲ್ಲ ಇಬ್ಬರು ಯುವಕರು ಮಳೆಗಾಲಕ್ಕೆ ಮುಂಚೆಯೇ ಮನೆಮನೆಗೆ ಹೋಗಿ ದಾಖಲೆ ಸರಿಪಡಿಸಲು ನೆರವಾದರೆ ಅದೂ ಸದಕಾವೇ.

ಎರಡನೆಯದು, ನಡುಗಾಲದ ಹಣ. ಸರಕಾರದ ನೆರವು ಕೆಲಸದ ಹಂತಕ್ಕೆ ತಕ್ಕಂತೆ ಕಂತುಗಳಲ್ಲಿ ಬರುತ್ತದೆ. ಕೂಲಿಯವನ ಬಳಿ ಮುಂದಿನ ಹಂತಕ್ಕೆ ದುಡ್ಡಿರುವುದಿಲ್ಲ. ಅರ್ಧಕ್ಕೆ ನಿಂತ ಗೋಡೆಗಳನ್ನು ನೋಡಿ ಅವನು ಬಡ್ಡಿಯ ಸಾಲಕ್ಕೆ ಕೈಚಾಚುತ್ತಾನೆ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತ್ತೆಂದರೆ, ಅದನ್ನು ತಡೆಯಲು 2025ರಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿ ಹರಾಮೆಂದು ಮಿಂಬರಿನಿಂದ ಹೇಳಿದರೆ ಸಾಲದು. ಬಡ್ಡಿಯಿಲ್ಲದ ಕರ್ಝೆ ಹಸನಾ ಕೊಡುವ ಕೈಯೂ ಬೇಕು. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವಕಾಶ ಕೊಡಲು ಅಲ್‌ಬಕರ ಅಧ್ಯಾಯದ 280ನೆಯ ಸೂಕ್ತ ಆದೇಶಿಸುತ್ತದೆ.

ಮೂರನೆಯದು ಝಕಾತ್. ರಮಝಾನಿನಲ್ಲಿ ನೂರು ಕೈಗಳಿಗೆ ಹಂಚಿಹೋಗುವ ಹಣವನ್ನು ಊರಿನವರು ಒಟ್ಟುಗೂಡಿಸಿ ವರ್ಷಕ್ಕೊಂದು ಸಂಸಾರವನ್ನಾದರೂ ಸೂರಿನಡಿ ಸೇರಿಸಬಹುದಲ್ಲವೇ? ಹನಫಿ ವಿದ್ವಾಂಸರ ಪ್ರಕಾರ ಝಕಾತಿನ ಹಣ ಅರ್ಹನ ಒಡೆತನಕ್ಕೇ ಸೇರಬೇಕು. ಆದುದರಿಂದ ಜಮಾಅತಿನ ಹೆಸರಿನಲ್ಲಿ ಕಟ್ಟಡ ಕಟ್ಟಿ ಬಾಡಿಗೆಗೆ ಕೊಡಲು ಅದನ್ನು ಬಳಸುವಂತಿಲ್ಲ. ಅದಕ್ಕೆ ಸಾಮಾನ್ಯ ಸದಕಾ ಅಥವಾ ವಕ್ಫ್ ಇದೆ. ಝಕಾತಿನ ವಿನಿಯೋಗಕ್ಕೆ ಮುನ್ನ ಸ್ಥಳೀಯ ಆಲಿಮರನ್ನು ಕೇಳಿಕೊಳ್ಳಬೇಕು. ಸದಕಾವಾದರೋ ನೆರೆಮನೆಯ ಮುಸ್ಲಿಮೇತರ ಬಂಧುವಿಗೂ ಸಲ್ಲುತ್ತದೆ. ನದಿಯ ನೀರು ಯಾರ ಧರ್ಮವನ್ನೂ ಕೇಳಿ ಒಳಗೆ ಬರಲಿಲ್ಲ.

ಕೇಳುವವರಿಗೆ, ಕೊಡುವವರಿಗೆ

ಕೇಳುವವನು ನಿಜವನ್ನೇ ಹೇಳಬೇಕು. ತನ್ನ ಕಾಲ ಮೇಲೆ ನಿಂತ ದಿನವೇ ಕೇಳುವುದನ್ನು ನಿಲ್ಲಿಸಬೇಕು. ಇನ್ನೊಬ್ಬರ ಹಕ್ಕನ್ನು ತಾನು ತಿನ್ನುತ್ತಿಲ್ಲವೆಂದು ಮನಸ್ಸಿಗೆ ಖಾತರಿ ಇರಬೇಕು.

ಕೊಡುವವನು ಮಾನವನ್ನೂ ಕೊಡಬೇಕು. ಕೀಲಿಕೈ ಹಸ್ತಾಂತರಿಸುವ ಫೋಟೊದಲ್ಲಿ ಆ ಮನೆಯ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಉಪಕಾರವಲ್ಲ. ಹಂಗಿಸುವುದರಿಂದ ದಾನ ನಿಷ್ಫಲವಾಗುತ್ತದೆಂದು ಕುರ್‌ಆನ್ ಎಚ್ಚರಿಸಿದೆ. ಜನರನ್ನು ಕಾಡಿ ಬೇಡದೆ, ನೋಡಿದವರಿಗೆ ಉಳ್ಳವರೆಂದೇ ತೋರುವ ಬಡವರ ವಿಷಯವೂ ಅದೇ ಅಧ್ಯಾಯದ 273ನೆಯ ಸೂಕ್ತದಲ್ಲಿದೆ. ಅವರು ಮಸೀದಿಯ ಬಾಗಿಲಿಗೆ ಬರುವುದಿಲ್ಲ. ನಾವೇ ಅವರ ಬಾಗಿಲಿಗೆ, ಬಾಗಿಲೇ ಇಲ್ಲದಿದ್ದರೆ ಅವರ ತಾಡಪಾಲಿನ ಬಳಿಗೆ ಹೋಗಬೇಕು.

ಮುಂದಿನ ಶುಕ್ರವಾರ ಕೊನೆಯ ಸಾಲಿನಲ್ಲಿ ಒಬ್ಬನು ಎದ್ದು ನಿಂತಾಗ ಜೇಬಿಗೆ ಕೈ ಹಾಕುವ ಮುನ್ನ ಒಂದು ಮಾತು ಕೇಳೋಣ: ಭಾಯಿ, ಈ ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ? ಉತ್ತರ ಕೇಳಿದ ಮೇಲೆ ನೋಟು ಹಾಕಿ ಸುಮ್ಮನೆ ಹೊರಡಲು ನಮ್ಮಿಂದಾಗದು.

ನಮ್ಮ ಮನೆಗಳನ್ನು ನೆಮ್ಮದಿಯ ನೆಲೆಯಾಗಿಸಿದ ಅಲ್ಲಾಹನು, ಸೂರಿಲ್ಲದವರಿಗೆ ನೆರಳಾಗುವ ಭಾಗ್ಯವನ್ನೂ ನಮಗೆ ಕರುಣಿಸಲಿ. ಆಮೀನ್.